ರೇಷ್ಮೆ ಚಿಟ್ಟೆ ಸೊಟ್ಟ ನಡೆಯುವುದೇಕೆ?

ರೇಷ್ಮೆ ಬಿತ್ತನೆ ಕೋಠಿಯಲ್ಲಿ ಬೆಳಗಿನ ಹೊತ್ತು ಗೂಡು ಸೀಳಿ ಹೊರಬಂದ ಬಿಳಿ ಚಿಟ್ಟೆಗಳನ್ನು ನೋಡಬೇಕು. ಹೆಣ್ಣು ದಪ್ಪ ಹೊಟ್ಟೆ ಹೊತ್ತು ಕೂತಲ್ಲೇ ಕೂತಿರುತ್ತದೆ. ಅದರ ತಟ್ಟೆಗೆ ಗಂಡನ್ನು ಬಿಟ್ಟೊಡನೆ ಶುರುವಾಗುತ್ತದೆ ಕುಣಿತ. ರೆಕ್ಕೆ ಪಟಪಟ ಬಡಿಯುತ್ತಾ ನಾಲ್ಕು ಹೆಜ್ಜೆ ನೇರ ಹೋಗುತ್ತದೆ, ಎಡಕ್ಕೆ ಹೊರಳುತ್ತದೆ, ಬಲಕ್ಕೆ ಹೊರಳುತ್ತದೆ, ಕೊನೆಗೆ ಗಿರ್ರನೆ ಸುತ್ತು ಹಾಕುತ್ತದೆ. ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿದ್ದು ಹಾರುವುದನ್ನೇ ಮರೆತ ಜೀವ. ಈಗ ದಾರಿಯನ್ನೂ ಮರೆಯಿತೇನೋ ಅನ್ನಿಸಬೇಕು.

ಅದನ್ನು ಸೆಳೆಯುವುದು ಹೆಣ್ಣಿನ ಹೊಟ್ಟೆಯ ತುದಿಯಿಂದ ಹೊಮ್ಮುವ ವಾಸನೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1959ರಲ್ಲಿ ಅದರ ಗುಟ್ಟು ಬಿಡಿಸಿದರು; ಬಾಂಬಿಕಾಲ್ ಎಂಬ ಆ ವಸ್ತುವನ್ನು ಕೆಲವೇ ಮಿಲಿಗ್ರಾಂ ಪಡೆಯಲು ಸುಮಾರು 5 ಲಕ್ಷ ಚಿಟ್ಟೆಗಳು ಬೇಕಾದವು.

ಸೆಳೆತವಿದ್ದ ಮೇಲೆ ನೇರ ಹೋಗಬಾರದೇ? ತೊಡಕು ಗಾಳಿಯದು. ಊದುಬತ್ತಿಯ ಹೊಗೆ ಗೇಣುದ್ದ ದಾರದಂತೆ ಏರಿ, ಆಮೇಲೆ ಸುರುಳಿಯಾಗಿ ಚೂರುಚೂರಾಗುತ್ತದಲ್ಲ, ವಾಸನೆಯೂ ಹಾಗೇ. ಈಗ ತಾಕಿತು, ಮರುಕ್ಷಣ ಇಲ್ಲ. ಕುಡಿಮೀಸೆಗೆ ತಾಕಿದಾಗ ಚಿಟ್ಟೆ ಮುನ್ನುಗ್ಗುತ್ತದೆ, ತಪ್ಪಿದಾಗ ಅತ್ತಿತ್ತ ತಡಕುತ್ತದೆ, ಎಲ್ಲೂ ಸಿಗದಿದ್ದರೆ ಸುತ್ತುತ್ತದೆ. ಇನ್ನೊಂದು ಎಳೆ ತಾಕಿತೋ, ಎಲ್ಲ ಮತ್ತೆ ಮೊದಲಿನಿಂದ. ಒಂದೊಂದಕ್ಕೆ ಸಿಗುವ ಎಳೆಗಳೇ ಬೇರೆಯಾದ್ದರಿಂದ ಒಂದೇ ತಟ್ಟೆಯ ಎರಡು ಚಿಟ್ಟೆಗಳು ಒಂದೇ ದಾರಿ ಹಿಡಿಯುವುದಿಲ್ಲ.

ಇದು ಪೆದ್ದುತನವಂತೂ ಅಲ್ಲ. 2013ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು ಪುಟ್ಟ ಗಾಡಿಯೊಂದರಲ್ಲಿ ಚೆಂಡು ಕೂರಿಸಿ, ಅದರ ಮೇಲೆ ಗಂಡು ಚಿಟ್ಟೆಯನ್ನು ನಡೆಸಿದರು. ಅದು ಹೊರಳಿದತ್ತ ಗಾಡಿ ಹೊರಳುತ್ತಿತ್ತು. 14 ಚಿಟ್ಟೆಗಳೂ ಗಾಡಿಯನ್ನು ವಾಸನೆಯ ಮೂಲಕ್ಕೆ ಓಡಿಸಿಕೊಂಡು ಹೋದವು!

ಗಾಳಿಯಷ್ಟೇ ಅಲ್ಲ, ಮೈಯೊಳಗಿನ ಸ್ಥಿತಿಯೂ ನಡಿಗೆ ಬದಲಿಸುತ್ತದೆ. ನಮ್ಮ ಮೈವಾಸನೆ ಹಿಡಿದು ಬರುವ ಈಡಿಸ್ ಹೆಣ್ಣು ಸೊಳ್ಳೆ ಹೊಟ್ಟೆತುಂಬ ರಕ್ತ ಹೀರಿದ ಮೇಲೆ, ಮೊಟ್ಟೆಯಿಡುವ ತನಕ ಸಾಮಾನ್ಯವಾಗಿ ನಮ್ಮತ್ತ ಸುಳಿಯದು. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳು. ಬೆಣ್ಣೆಯ ಘಮ ಬಂದತ್ತ ಅದು ತೆವಳುತ್ತದೆ. 1997ರಲ್ಲಿ ಕೋರಿ ಬಾರ್ಗ್‌ಮನ್ ತಂಡ ಆ ಘಮವನ್ನು ಹಿಡಿಯುವ ಪ್ರೊಟೀನನ್ನು, ಬೇಡದ ವಾಸನೆಯಿಂದ ದೂರ ಸರಿಸುವ ನರಕೋಶದಲ್ಲಿ ಮೂಡಿಸಿತು. ಘಮ ಅದೇ, ಹುಳು ಮಾತ್ರ ಹಿಂದಿರುಗಿ ಓಡಿತು.

ನಿಮ್ಮೂರಿನ ಹತ್ತಿರ ಬಿತ್ತನೆ ಕೋಠಿ ಇದ್ದರೆ ಕೇಳಿಕೊಂಡು ಒಮ್ಮೆ ಹೋಗಿಬನ್ನಿ. ಬೇಗ ಹೋಗಬೇಕು. ಹೊತ್ತೇರುವಷ್ಟರಲ್ಲಿ ಜೋಡಿಗಳು ಕೂಡಿ, ಹುಡುಕಾಟವೆಲ್ಲ ಮುಗಿದಿರುತ್ತದೆ.