ಪಿತ್ತಕೋಶದ ಕಲ್ಲು: ದೊಡ್ಡ ಕೊಯ್ತದಿಂದ ನಾಲ್ಕು ರಂಧ್ರಗಳವರೆಗೆ

ಯಕೃತ್ತಿನ ತಳಕ್ಕೆ ಅಂಟಿಕೊಂಡು, ಎಳೆ ಬದನೆಕಾಯಿಯ ಆಕಾರದಲ್ಲಿ ಏಳರಿಂದ ಹತ್ತು ಸೆಂಟಿಮೀಟರ್ ಉದ್ದವಿರುವ ಚೀಲವೇ ಪಿತ್ತಕೋಶ. ಪಿತ್ತರಸವನ್ನು ತಯಾರಿಸುವುದು ಯಕೃತ್ತೇ ಹೊರತು ಈ ಚೀಲವಲ್ಲ. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಸ್ರವಿಸುವ ಆ ರಸದಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಂಡು, ಅದರ ನೀರನ್ನು ಹೀರಿ ಗಟ್ಟಿಗೊಳಿಸಿ, ಜಿಡ್ಡಿನ ಊಟ ಕರುಳಿಗೆ ಇಳಿದಾಗ ಮುದುಡಿಕೊಂಡು ಹೊರಹಾಕುವುದಷ್ಟೇ ಚೀಲದ ಕೆಲಸ. ಕನ್ನಡದಲ್ಲಿ ‘ಪಿತ್ತ’ ಎಂಬ ಮಾತು ತಲೆಸುತ್ತು, ವಾಂತಿ, ಕೋಪ ಎಲ್ಲಕ್ಕೂ ಬಳಕೆಯಲ್ಲಿರುವುದರಿಂದ, ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶದ ಕಲ್ಲು ಎಂದು ಕಂಡೊಡನೆ ಪಿತ್ತ ಇಳಿಸುವ ಕಷಾಯವೂ, ಮೂತ್ರಪಿಂಡದ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸವೂ ಮನೆಮಂದಿಯ ನೆನಪಿಗೆ ಬರುವುದು ಸಹಜ. ಆದರೆ ಮೂತ್ರದ ಹಾದಿಗೂ ಪಿತ್ತದ ಹಾದಿಗೂ ಯಾವ ಸಂಬಂಧವೂ ಇಲ್ಲದ ಕಾರಣ, ಎಷ್ಟು ರಸ ಕುಡಿದರೂ ಈ ಕಲ್ಲು ಮೂತ್ರದಲ್ಲಿ ಕೊಚ್ಚಿಹೋಗಲಾರದು.

ಕಲ್ಲು ಹುಟ್ಟುವ ಬಗೆಯನ್ನು ಅಡುಗೆಮನೆಯ ಉದಾಹರಣೆಯಿಂದ ಅರ್ಥಮಾಡಿಕೊಳ್ಳಬಹುದು. ಪಾಕ ಮಿತಿಮೀರಿ ಗಟ್ಟಿಯಾದಾಗ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟುವಂತೆ, ಪಿತ್ತರಸದಲ್ಲಿ ಕರಗಿರಬೇಕಾದ ಕೊಲೆಸ್ಟರಾಲ್ ಅದನ್ನು ಕರಗಿಸಿಡುವ ಪಿತ್ತಲವಣಗಳ ಶಕ್ತಿಗಿಂತ ಹೆಚ್ಚಾದಾಗ ಹರಳಾಗಿ, ಹರಳು ಬೆಳೆದು ಕಲ್ಲಾಗುತ್ತದೆ. ರಕ್ತಕಣಗಳು ಅವಧಿಗೆ ಮುನ್ನ ಒಡೆಯುವ ಕಾಯಿಲೆಗಳಲ್ಲಿ ಹುಟ್ಟುವ ಕಪ್ಪು ವರ್ಣಕದ ಕಲ್ಲುಗಳು ಬೇರೆ ಬಗೆಯವು. ಕಲ್ಲು ಚೀಲದ ಕತ್ತಿನಲ್ಲಿ ಸಿಕ್ಕಿಕೊಂಡಾಗ, ಸಾಮಾನ್ಯವಾಗಿ ಊಟವಾದ ಒಂದೆರಡು ಗಂಟೆಗೆ ಅಥವಾ ನಡುರಾತ್ರಿಯಲ್ಲಿ, ಮೇಲುಹೊಟ್ಟೆಯಲ್ಲೋ ಬಲಪಕ್ಕೆಯ ಕೆಳಗೋ ಎದ್ದ ನೋವು ಬೆನ್ನಿನವರೆಗೆ, ಬಲ ಹೆಗಲಿನವರೆಗೆ ಹರಡಿ, ಗಂಟೆಗಟ್ಟಲೆ ಹಿಂಡಿ, ಕಲ್ಲು ಜಾರಿದೊಡನೆ ತಣ್ಣಗಾಗುತ್ತದೆ. ಹೀಗೆ ತಾನಾಗಿಯೇ ತಣ್ಣಗಾಗುವುದರಿಂದಲೇ ಅದನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ನೋವಿನ ಜೊತೆಗೆ ಜ್ವರ, ನಡುಕ, ಕಣ್ಣು ಮತ್ತು ಮೂತ್ರ ಹಳದಿಯಾಗುವ ಕಾಮಾಲೆ ಕಂಡುಬಂದರೆ ಕಲ್ಲು ಮುಖ್ಯ ಪಿತ್ತನಾಳಕ್ಕೆ ಇಳಿದಿರಬಹುದಾದ್ದರಿಂದ ಆಸ್ಪತ್ರೆಗೆ ಹೋಗಲು ಮರುದಿನದವರೆಗೆ ಕಾಯುವಂತಿಲ್ಲ.

ಈ ಕಲ್ಲನ್ನು ಶಸ್ತ್ರದಿಂದ ಹೊರತೆಗೆದ ಮೊದಲ ಪ್ರಸಿದ್ಧ ಘಟನೆ 1867ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಿತು. ಜಾನ್ ಬಾಬ್ಸ್ ಎಂಬ ವೈದ್ಯನು ಅಂಡಾಶಯದ ಗೆಡ್ಡೆಯಿರಬೇಕೆಂದು ಮಹಿಳೆಯೊಬ್ಬಳ ಹೊಟ್ಟೆಯನ್ನು ಕೊಯ್ದು ನೋಡಿದಾಗ ಊದಿಕೊಂಡ ಪಿತ್ತಕೋಶ ಕಂಡಿತು. ಅದನ್ನು ತೆರೆದು ಕಲ್ಲುಗಳನ್ನು ತೆಗೆದು ಮತ್ತೆ ಹೊಲಿದನು, ಮತ್ತು ರೋಗಿ ಬದುಕಿದಳು. ಆದರೆ ಚೀಲ ಉಳಿದರೆ ಕಲ್ಲು ಮತ್ತೆ ಹುಟ್ಟುವ ಸಾಧ್ಯತೆಯೂ ಉಳಿಯುತ್ತದೆಂಬುದನ್ನು ಸ್ಪಷ್ಟವಾಗಿ ಕಂಡವನು ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬುಖ್. ಕುದುರೆಗೂ ಆನೆಗೂ ಪಿತ್ತಕೋಶವೇ ಇಲ್ಲದಿರುವುದನ್ನು, ಚೀಲ ತೆಗೆದ ನಾಯಿಗಳು ಬದುಕಿದ ಹಳೆಯ ಪ್ರಯೋಗಗಳನ್ನು ಗಮನಿಸಿ, ಶವಗಳ ಮೇಲೆ ಅಭ್ಯಾಸ ಮಾಡಿದ ಆತ, ಹದಿನಾರು ವರ್ಷಗಳಿಂದ ನೋವಿನಲ್ಲಿ ಬೆಂದು ಮಾರ್ಫಿನ್ನಿಗೆ ಅಂಟಿಕೊಂಡಿದ್ದ 43 ವರ್ಷದ ರೋಗಿಯ ಪಿತ್ತಕೋಶವನ್ನು 1882ರ ಜುಲೈ 15ರಂದು ಇಡಿಯಾಗಿ ತೆಗೆದುಹಾಕಿದನು. ಮರುದಿನ ರೋಗಿಗೆ ಜ್ವರವಿರಲಿಲ್ಲ, ಆತ ಚುಟ್ಟಾ ಸೇದುತ್ತಿದ್ದನೆಂದು ದಾಖಲಾಗಿದೆ; ಆದರೂ ಮನೆಗೆ ಹೊರಡಲು ಆರು ವಾರ ಹಿಡಿಯಿತು. ಕಲ್ಲುಗಳಿವೆ ಎಂಬುದಕ್ಕಿಂತ ಕಲ್ಲುಗಳನ್ನು ಹುಟ್ಟಿಸುತ್ತದೆ ಎಂಬ ಕಾರಣಕ್ಕೇ ಪಿತ್ತಕೋಶವನ್ನು ತೆಗೆಯಬೇಕೆಂಬ ಆತನ ವಾದ, ಕಲ್ಲನ್ನಷ್ಟೇ ತೆಗೆದು ಚೀಲವನ್ನು ಉಳಿಸಬಾರದೇ ಎಂದು ಇಂದಿಗೂ ರೋಗಿಗಳು ಕೇಳುವ ನ್ಯಾಯವಾದ ಪ್ರಶ್ನೆಗೆ ಉತ್ತರವಾಗಿ ಉಳಿದಿದೆ.

ಕೊಯ್ಯುವುದನ್ನು ಕಲಿತ ವೈದ್ಯರಿಗೆ ಕೊಯ್ಯುವ ಮುನ್ನ ಕಾಣುವ ದಾರಿ ಬಹುಕಾಲ ಇರಲಿಲ್ಲ, ಏಕೆಂದರೆ ಸುಣ್ಣದ ಅಂಶ ಕಡಿಮೆಯಿರುವ ಹೆಚ್ಚಿನ ಕಲ್ಲುಗಳು ಸಾದಾ ಎಕ್ಸ್-ರೇಯಲ್ಲಿ ಮೂಡುವುದೇ ಇಲ್ಲ. 1924ರಲ್ಲಿ ಸೇಂಟ್ ಲೂಯಿಸ್ ನಗರದ ಇವಾರ್ಟ್ಸ್ ಗ್ರಹಾಂ ಮತ್ತು ವಾರೆನ್ ಕೋಲ್, ಯಕೃತ್ತಿನ ಮೂಲಕ ಪಿತ್ತಕೋಶವನ್ನು ಸೇರುವ ರಾಸಾಯನಿಕವನ್ನು ದೇಹಕ್ಕೆ ಸೇರಿಸಿ ಚೀಲದ ನೆರಳನ್ನು ಎಕ್ಸ್-ರೇಯಲ್ಲಿ ಹಿಡಿದರು. ಅರ್ಧ ಶತಮಾನದ ನಂತರ ಅಲ್ಟ್ರಾಸೌಂಡ್ ಆ ಕೆಲಸವನ್ನು ಸೂಜಿಯಿಲ್ಲದೆ, ವಿಕಿರಣವಿಲ್ಲದೆ ಮಾಡತೊಡಗಿತು. ಚೀಲ ತುಂಬಿರಲೆಂದೇ ರೋಗಿಯನ್ನು ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಾರೆ. ಪರದೆಯ ಮೇಲೆ ಪಿತ್ತರಸ ಕಪ್ಪಾಗಿಯೂ, ಅದರೊಳಗಿನ ಕಲ್ಲು ಬೆಳ್ಳಗೆ ಹೊಳೆಯುವ ಚುಕ್ಕೆಯಾಗಿಯೂ, ಚುಕ್ಕೆಯ ಹಿಂದೆ ಕಪ್ಪು ನೆರಳಿನ ಪಟ್ಟೆಯೂ ಕಾಣುತ್ತದೆ. ರೋಗಿ ಮಗ್ಗುಲು ಬದಲಿಸಿದಾಗ ಚುಕ್ಕೆ ಉರುಳಿದರೆ ಅದು ಕಲ್ಲು, ಗೋಡೆಗೆ ಅಂಟಿ ನಿಂತರೆ ಬೇರೇನೋ ಇರಬಹುದೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ.

ಕೊಯ್ತವಿಲ್ಲದೆ ಗುಣಪಡಿಸುವ ಪ್ರಯತ್ನಗಳೂ ನಡೆಯದೆ ಇರಲಿಲ್ಲ. 1970ರ ದಶಕದಲ್ಲಿ ಬಂದ, ಪಿತ್ತಾಮ್ಲದ ಮಾತ್ರೆಗಳಿಂದ ಕರಗಿಸುವ ವಿಧಾನವಾಗಲಿ, ನಂತರದ ದಶಕದಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ, ಆಘಾತದ ಅಲೆಗಳಿಂದ ಒಡೆಯುವ ವಿಧಾನವಾಗಲಿ ಕೆಲವೇ ಬಗೆಯ ಕಲ್ಲುಗಳಿಗೆ ಒಪ್ಪುತ್ತಿದ್ದವು, ಮತ್ತು ಚೀಲ ಉಳಿದಲ್ಲಿ ಕಲ್ಲು ಮರಳಿ ಬರುತ್ತಿತ್ತು.

ನಿಜವಾದ ತಿರುವು ಜರ್ಮನಿಯ ಬೋಬ್ಲಿಂಗೆನ್ ಎಂಬ ಸಣ್ಣ ಊರಿನಲ್ಲಿ ಬಂದಿತು. ಸ್ತ್ರೀರೋಗ ತಜ್ಞ ಕುರ್ಟ್ ಜೆಮ್ 1980ರಲ್ಲಿ ಹೊಟ್ಟೆಯ ಒಳಭಾಗವನ್ನು ತೋರುವ ದರ್ಶಕ ನಳಿಕೆಯ ಮೂಲಕವೇ ಅಪೆಂಡಿಕ್ಸ್ ತೆಗೆದದ್ದರಿಂದ ಸ್ಫೂರ್ತಿಗೊಂಡ ಆ ಊರಿನ ಶಸ್ತ್ರವೈದ್ಯ ಎರಿಖ್ ಮ್ಯೂಹೆ, ತಾನೇ ರೂಪಿಸಿದ ನಳಿಕೆಯಿಂದ 1985ರ ಸೆಪ್ಟೆಂಬರ್ 12ರಂದು ಪಿತ್ತಕೋಶವನ್ನು ಹೊರತೆಗೆದನು. ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಮಾವೇಶದಲ್ಲಿ ಅದನ್ನು ಮಂಡಿಸಿದಾಗ ದೊರೆತದ್ದು ಪ್ರಶಂಸೆಯಲ್ಲ, ಅವಹೇಳನ. ದೊಡ್ಡ ಶಸ್ತ್ರವೈದ್ಯ ದೊಡ್ಡದಾಗಿಯೇ ಕೊಯ್ಯುತ್ತಾನೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 1987ರ ಮಾರ್ಚ್ ಹೊತ್ತಿಗೆ ಮ್ಯೂಹೆ ಇಂಥ 94 ಶಸ್ತ್ರಚಿಕಿತ್ಸೆಗಳನ್ನು ಮುಗಿಸಿದ್ದನು, ಅದೇ ತಿಂಗಳು ಫ್ರಾನ್ಸಿನ ಲಿಯಾನ್‌ನಲ್ಲಿ ಫಿಲಿಪ್ ಮೂರೆ ಅದನ್ನೇ ಮಾಡಿದನು. ಹೆಸರು ಬಹುಕಾಲ ಫ್ರೆಂಚರದ್ದಾಗಿ ಉಳಿದು, ಮ್ಯೂಹೆಗೆ ಮನ್ನಣೆ ಸಿಕ್ಕಿದ್ದು 1990ರ ದಶಕದಲ್ಲಿ. ನಳಿಕೆಗೆ ವಿಡಿಯೊ ಕ್ಯಾಮೆರಾ ಜೋಡಣೆಯಾಗಿ, ಒಬ್ಬನ ಕಣ್ಣಿಗೆ ಮಾತ್ರ ಕಾಣುತ್ತಿದ್ದ ಹೊಟ್ಟೆಯ ಒಳಭಾಗ ಕೊಠಡಿಯಲ್ಲಿದ್ದ ಎಲ್ಲರಿಗೂ ಕಾಣಿಸತೊಡಗಿದ ಮೇಲೆ ಈ ವಿಧಾನ ನಾಲ್ಕೈದು ವರ್ಷಗಳಲ್ಲೇ ಜಗತ್ತನ್ನು ಸುತ್ತಿತು. ಭಾರತಕ್ಕೆ ಅದನ್ನು ತಂದವರು 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಮಾಡಿ ತೋರಿದ ಡಾ. ತೆಹೆಮ್ಟನ್ ಉದ್ವಾಡಿಯಾ.

ಲ್ಯಾಪರೋಸ್ಕೋಪಿ ಎಂದು ಕರೆಯುವ ಈ ವಿಧಾನದಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉದ್ದ ಹಿಡಿಕೆಯ ಉಪಕರಣಗಳನ್ನು ಇಳಿಸಿ, ಚೀಲದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಹೆಚ್ಚಾಗಿ ಹೊಕ್ಕುಳ ಬಳಿಯ ರಂಧ್ರದಿಂದಲೇ ಎಳೆದುಕೊಳ್ಳುತ್ತಾರೆ. ಎಚ್ಚರವಾದ ಮೇಲೆ ಹೊಟ್ಟೆಗಿಂತ ಹೆಗಲು ನೋಯುತ್ತದೆಂದು ಗಾಬರಿಗೊಳ್ಳುವ ರೋಗಿಗಳಿಗೆ, ಉಳಿದ ಅನಿಲ ವಪೆಯನ್ನು ಕೆರಳಿಸುವುದೇ ಅದಕ್ಕೆ ಕಾರಣ, ಒಂದೆರಡು ದಿನಗಳಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿದ್ದರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ. ಚೀಲ ಹೋದ ಮೇಲೆ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಕೆಲವು ವಾರ ಭೇದಿಯಾಗುವುದನ್ನು ಬಿಟ್ಟರೆ ಹೆಚ್ಚಿನವರ ಊಟ ಮೊದಲಿನಂತೆಯೇ ನಡೆಯುತ್ತದೆ.

ಸಣ್ಣ ರಂಧ್ರ ಎಂದರೆ ಸಣ್ಣ ಶಸ್ತ್ರಚಿಕಿತ್ಸೆ ಎಂದರ್ಥವಲ್ಲ. ಹೊಸ ವಿಧಾನ ಹರಡಿದ ಆರಂಭದ ವರ್ಷಗಳಲ್ಲಿ, ಮುಖ್ಯ ಪಿತ್ತನಾಳವನ್ನೇ ಚೀಲದ ನಾಳವೆಂದು ತಿಳಿದು ಕತ್ತರಿಸಿದ ಅಪಘಾತಗಳು ಹಳೆಯ ವಿಧಾನಕ್ಕಿಂತ ಹೆಚ್ಚಾದವು. ಚೀಲದೊಳಕ್ಕೆ ಎರಡೇ ಎಳೆಗಳು ಹೋಗುತ್ತಿರುವುದು ನಿಚ್ಚಳವಾಗಿ ಕಂಡ ಹೊರತು ಏನನ್ನೂ ಕತ್ತರಿಸಬಾರದೆಂದು ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ರೂಪಿಸಿದ ನಿಯಮ ಆ ಅನುಭವದಿಂದಲೇ ಬಂದದ್ದು. ಹಾಗೆ ಕಾಣದಿದ್ದಾಗ ಹೊಟ್ಟೆಯನ್ನು ತೆರೆದು ಮುಂದುವರಿಯುವ ಶಸ್ತ್ರವೈದ್ಯರು ಸೋತವರಲ್ಲ, ರೋಗಿಯನ್ನು ಕಾಪಾಡಿದವರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಸಾಧ್ಯತೆಯನ್ನು ಕೇಳಿ ತಿಳಿದುಕೊಳ್ಳಬೇಕು.

ಚಿಕಿತ್ಸೆ ಸುಲಭವಾದಷ್ಟೂ ಅದು ಯಾರಿಗೆ ಬೇಡ ಎಂಬ ಪ್ರಶ್ನೆ ದೊಡ್ಡದಾಗುತ್ತದೆ. ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಂಡ, ಎಂದೂ ನೋಯದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ; ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 123 ಮಂದಿಯನ್ನು ಅನುಸರಿಸಿ 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೌನವಾಗಿದ್ದ ಕಲ್ಲು 15 ವರ್ಷಗಳಲ್ಲಿ ನೋವು ತಂದದ್ದು ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಚೀಲದ ಗೋಡೆಯಲ್ಲಿ ಒಂದು ಸೆಂಟಿಮೀಟರ್ ಮೀರಿದ ಗಂಟು, ಸುಣ್ಣಗಟ್ಟಿದ ಗೋಡೆ ಇವು ಪಿತ್ತಕೋಶದ ಕ್ಯಾನ್ಸರಿನ ಭಯದಿಂದಾಗಿ ಬೇರೆಯಾಗಿ ಪರಿಗಣಿಸಬೇಕಾದ ಸ್ಥಿತಿಗಳು. ಉತ್ತರದ ಗಂಗಾ ಬಯಲಿನಲ್ಲಿ ಈ ಕ್ಯಾನ್ಸರ್ ದಕ್ಷಿಣಕ್ಕಿಂತ ಹೆಚ್ಚು. ಶಸ್ತ್ರಚಿಕಿತ್ಸೆ ಮುಗಿದೊಡನೆ ಸ್ಟೀಲ್ ಬಟ್ಟಲಿನಲ್ಲಿ ಕಲ್ಲುಗಳನ್ನು ತಂದು ಮನೆಯವರಿಗೆ ತೋರಿಸುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿದೆ. ಎಲ್ಲರ ಕಣ್ಣು ಆ ಬಟ್ಟಲಿನ ಮೇಲಿರುವಾಗ, ಕಲ್ಲುಗಳಿದ್ದ ಚೀಲ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಹೊರಟಿರುತ್ತದೆ, ಮತ್ತು ಅದರ ವರದಿ ಕೈಸೇರುವುದು ರೋಗಿ ಮನೆಗೆ ಮರಳಿ ಕೆಲವು ದಿನಗಳಾದ ಮೇಲೆ.