ಪ್ರಯಾಣಕ್ಕೆ ತಕ್ಕ ಗುಡಾರ: ವರ್ತಕರು ಗಮನಿಸಬೇಕಾದ ಕೆಲವು ಅಂಶಗಳು

ಬಯಲಿನಲ್ಲಿ ರಾತ್ರಿ ಕಳೆಯುವುದು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಜನರಿಗೆ ಹೊಸ ಸಂಗತಿಯಲ್ಲ. ಮಂದೆಯೊಡನೆ ಊರೂರು ಸಂಚರಿಸುವ ಕುರಿಗಾಹಿಗಳು, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಬಂದು ತಂಗುವ ಭಕ್ತರು ತಮ್ಮ ಅಗತ್ಯಕ್ಕೆ ತಕ್ಕ ಸರಂಜಾಮನ್ನು ತಾವೇ ಹೊಂದಿಸಿಕೊಂಡು ಬಂದವರು. ಈಗ ಇವರ ಜೊತೆಗೆ ಚಾರಣಕ್ಕೆ ಹೊರಡುವ ಕಾಲೇಜು ವಿದ್ಯಾರ್ಥಿಗಳೂ ಸ್ವಂತ ವಾಹನದಲ್ಲಿ ಪ್ರವಾಸ ಹೋಗುವ ಕುಟುಂಬಗಳೂ ಗ್ರಾಹಕರಾಗಿದ್ದಾರೆ. ಇಂತಹ ಗ್ರಾಹಕರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: “ನಾಲ್ಕು ಜನರ ಟೆಂಟಿಗೆ ಎಷ್ಟು?” ಬೆಲೆ ಹೇಳುವ ಮುನ್ನ ವರ್ತಕನು ನಾಲ್ಕು ಪ್ರಶ್ನೆಗಳನ್ನು ಮರಳಿ ಕೇಳುವುದು ಉಚಿತ. ಎಲ್ಲಿಗೆ ಪ್ರಯಾಣ? ಯಾವ ತಿಂಗಳಲ್ಲಿ? ಹೊರುವವರು ಯಾರು? ವರ್ಷಕ್ಕೆ ಎಷ್ಟು ರಾತ್ರಿ ಬಳಕೆ? ಇವುಗಳಿಗೆ ಉತ್ತರ ದೊರೆತರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆ.

ಬಯಲುಸೀಮೆಯ ಪ್ರವಾಸ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಈ ಎರಡು ತಾಲ್ಲೂಕುಗಳೂ ಸೇರಿವೆ. ಇಲ್ಲಿ ಗುಡಾರದ ಮೊದಲ ಶತ್ರು ಮಳೆಯಲ್ಲ. ಬಿಸಿಲು, ಗಾಳಿ ಮತ್ತು ಕಲ್ಲುನೆಲ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದೇ ಗಾಳಿಯ ಬಲಕ್ಕೆ ಸಾಕ್ಷಿ. ಆದುದರಿಂದ ಇಲ್ಲಿಗೆ ಎರಡೂ ಬದಿಯಲ್ಲಿ ಬಲೆಯ ಕಿಟಕಿಗಳಿರುವ, ಎತ್ತರ ಕಡಿಮೆಯಿರುವ, ತನ್ನ ಕೋಲುಗಳ ಬಲದಿಂದಲೇ ನಿಲ್ಲುವ ಗುಮ್ಮಟಾಕಾರದ ಗುಡಾರ ಸೂಕ್ತ. ಅದರೊಡನೆ ಬರುವ ತೆಳುವಾದ ತಂತಿಯ ಗೂಟಗಳು ಕಲ್ಲುನೆಲದಲ್ಲಿ ಮೊದಲ ಪೆಟ್ಟಿಗೇ ಬಾಗುತ್ತವೆ. ಗಟ್ಟಿ ಉಕ್ಕಿನ ಮೊಳೆಗೂಟಗಳನ್ನು ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು. ಬಿಸಿಲನ್ನು ತಾಳುವುದರಲ್ಲಿ ನೈಲಾನಿಗಿಂತ ಪಾಲಿಯೆಸ್ಟರ್ ಮೇಲು. ನೈಲಾನ್ ಹಗುರವಾದರೂ ನೆನೆದಾಗ ಜೋಲುತ್ತದೆ.

ಬೇಸಿಗೆಯ ಹೊಸ್ತಿಲಲ್ಲಿ ನಡೆಯುವ ನಾಯಕನಹಟ್ಟಿ ಜಾತ್ರೆಗೆ ವಾಹನದಲ್ಲಿ ಬರುವವರಿಗೆ ಭಾರದ ಚಿಂತೆಯಿಲ್ಲ. ಅವರಿಗೆ ದಪ್ಪ ಹತ್ತಿ ಕ್ಯಾನ್ವಾಸಿನ ಗುಡಾರ ಅಥವಾ ಬದಿ ತೆರೆದ ಚಪ್ಪರವೇ ಹೆಚ್ಚು ಹಿತಕರ.

ಇತಿಹಾಸಾಸಕ್ತರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಿಗೆ ಬರುತ್ತಾರೆ. ಇಲ್ಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಗುಡಾರ ಹಾಕುವಂತಿಲ್ಲ ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ವರ್ತಕನ ಸೌಜನ್ಯ.

ಮಲೆನಾಡು ಮತ್ತು ಹಿಮಾಲಯ

ಬಯಲುಸೀಮೆಗೆ ಸರಿಹೋಗುವ ಗುಡಾರ ಮಲೆನಾಡಿನಲ್ಲಿ ಸೋಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಇಲ್ಲಿ ನೋಡಬೇಕಾದುದು ಬಟ್ಟೆ ಎಷ್ಟು ನೀರನ್ನು ತಡೆಯುತ್ತದೆ ಎಂಬ ಅಂಕಿ. ಬಟ್ಟೆಯ ಮೇಲೆ ಎಷ್ಟು ಮಿ.ಮೀ. ಎತ್ತರದ ನೀರು ನಿಂತಾಗ ಜಿನುಗಲು ಆರಂಭವಾಗುತ್ತದೆ ಎಂಬುದೇ ಈ ಅಳತೆ. ಸಾಧಾರಣ ಮಳೆಗೆ 1,500 ಮಿ.ಮೀ. ಸಾಕು, ಮಲೆನಾಡಿಗೆ ಮೇಲು ಹೊದಿಕೆಯೂ ನೆಲಹಾಸೂ 3,000 ಮಿ.ಮೀ. ಇದ್ದರೆ ಲೇಸು. ಹೊಲಿಗೆಯ ಮೇಲೆ ಅಂಟುಪಟ್ಟಿ ಇಲ್ಲದಿದ್ದರೆ ಈ ಅಂಕಿಗೆ ಅರ್ಥವಿಲ್ಲ, ನೀರು ಸೂಜಿಯ ರಂಧ್ರದಿಂದಲೇ ಒಳಬರುತ್ತದೆ. ಒಂದೇ ಪದರದ ಗುಡಾರದಲ್ಲಿ ಉಸಿರಿನ ತೇವ ಹನಿಯಾಗಿ ಒಳಗೇ ಸುರಿಯುವುದರಿಂದ ಎರಡು ಪದರದ ಗುಡಾರವನ್ನೇ ಕೊಡಬೇಕು. ಅರಣ್ಯದೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಹಿಮಾಲಯದ ಚಾರಣಕ್ಕೆ ಹೊರಟವರು ಗುಡಾರಕ್ಕಿಂತ ಮಲಗುವ ಚೀಲದ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಐಎಸ್‌ಒ 23537 ಮಾನದಂಡದಂತೆ ಚೀಲದ ಮೇಲೆ ಆರಾಮದ ಉಷ್ಣಾಂಶ, ಮಿತಿಯ ಉಷ್ಣಾಂಶ, ಪರಮಾವಧಿಯ ಉಷ್ಣಾಂಶ ಎಂಬ ಮೂರು ಅಂಕಿಗಳಿರುತ್ತವೆ. ಪರಮಾವಧಿಯ ಅಂಕಿಯು ನಿದ್ರೆಗಾಗಿ ಅಲ್ಲ, ಕೇವಲ ಜೀವ ಉಳಿಯುವ ಮಟ್ಟಕ್ಕೆ ಸಂಬಂಧಿಸಿದ್ದು. ಅದನ್ನೇ ದಪ್ಪಕ್ಷರದಲ್ಲಿ ಮುದ್ರಿಸಿದ ಸರಕನ್ನು ನಂಬಿ ಮಾರಿದರೆ ಗ್ರಾಹಕನ ಪ್ರಾಣಕ್ಕೇ ಸಂಚಕಾರ ಬರಬಹುದು. ಹಾಗೆಯೇ ಮುಚ್ಚಿದ ಗುಡಾರದೊಳಗೆ ಒಲೆ ಅಥವಾ ಇದ್ದಿಲಿನ ಶೆಗಡಿ ಉರಿಸಿದರೆ ವಿಷಾನಿಲದಿಂದ ಸಾವು ಸಂಭವಿಸುತ್ತದೆ ಎಂಬ ಎಚ್ಚರಿಕೆಯನ್ನು ಬಾಯಿಮಾತಿನಲ್ಲಿಯೂ ಹೇಳಬೇಕು.

ಕಂಬಳಿಗೊಂದು ಹೊಸ ಸ್ಥಾನ

ಈ ಸರಂಜಾಮಿನ ಪಟ್ಟಿಯಲ್ಲಿ ಚಳ್ಳಕೆರೆಯ ಕಂಬಳಿಗೆ ಸ್ಥಾನವಿದೆಯೇ? ಖಂಡಿತವಾಗಿಯೂ ಇದೆ. ದಖ್ಖನಿನ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕಂಬಳಿಯು ಕುರಿಗಾಹಿಗೆ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ ಎಲ್ಲವೂ ಹೌದು. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿದರೂ ಒದ್ದೆಯೆನಿಸುವುದಿಲ್ಲ. ಕಿಡಿ ಬಿದ್ದರೆ ಪ್ಲಾಸ್ಟಿಕ್ಕಿನಂತೆ ಕರಗಿ ಮೈಗೆ ಅಂಟುವುದಿಲ್ಲ. ಆದರೆ ಅದು ಭಾರ, ಒಣಗಲು ತಡ. ಆದ್ದರಿಂದ ಬೆನ್ನ ಮೇಲೆ ಹೊರುವ ಚಾರಣಿಗನಿಗೆ ಅದನ್ನು ಒತ್ತಾಯಿಸುವುದು ಸಲ್ಲದು. ವಾಹನದಲ್ಲಿ ಹೋಗುವವರಿಗೆ, ಜಾತ್ರೆಗೆ, ಶಾಲಾ ಶಿಬಿರಗಳಿಗೆ ಗುಡಾರದೊಳಗಿನ ನೆಲಹಾಸಾಗಿ ಅದಕ್ಕೆ ಸಮನಾದುದು ಅಪರೂಪ. ಅಗ್ಗದ ಯಂತ್ರ ನಿರ್ಮಿತ ಹೊದಿಕೆಗಳ ಪೈಪೋಟಿಯಲ್ಲಿ ನಲುಗಿರುವ ನೇಕಾರರಿಗೆ ಇದು ದಾನದ ಮಾರುಕಟ್ಟೆಯಲ್ಲ, ಗುಣದ ಮಾರುಕಟ್ಟೆ. ಗುಡಾರದ ಅಳತೆಗೆ ಸರಿಯಾಗಿ ನೇಯಿಸಿ, ಅಡಿಗೆ ನೀರು ತಡೆಯುವ ಬಟ್ಟೆ ಹೊಲಿಸಿ, ಕಟ್ಟಲು ಪಟ್ಟಿ ಜೋಡಿಸಿದರೆ ಸಣ್ಣ ಹೊಲಿಗೆ ಘಟಕಗಳಿಗೂ ಕೆಲಸ ದೊರೆಯುತ್ತದೆ.

ಕೊಳ್ಳುವುದೋ, ಬಾಡಿಗೆಯೋ?

ಗುಡಾರದ ನಿಜವಾದ ಬೆಲೆ ಒಂದು ರಾತ್ರಿಗೆ ತಗಲುವ ವೆಚ್ಚ. ಉದಾಹರಣೆಗೆ, 3,000 ರೂ. ಗುಡಾರ 30 ರಾತ್ರಿ ಬಾಳಿದರೆ ರಾತ್ರಿಗೆ 100 ರೂ.; 9,000 ರೂ. ಗುಡಾರ 150 ರಾತ್ರಿ ಬಾಳಿದರೆ ರಾತ್ರಿಗೆ 60 ರೂ. ಮೇಲ್ನೋಟಕ್ಕೆ ಎರಡನೆಯದೇ ಲಾಭ. ಆದರೆ ವರ್ಷಕ್ಕೆ ನಾಲ್ಕೇ ರಾತ್ರಿ ಬಳಸುವ ಕುಟುಂಬಕ್ಕೆ 150 ರಾತ್ರಿ ತುಂಬಲು ಮೂವತ್ತೇಳೂವರೆ ವರ್ಷ ಬೇಕು! ಬಟ್ಟೆಯ ಮೇಲಿನ ಪಾಲಿಯುರೆಥೇನ್ ಲೇಪನವಾದರೋ ಬಳಸದೆ ಇಟ್ಟರೂ ಹಳತಾಗುತ್ತದೆ. ತೇವದಲ್ಲಿ ಮಡಚಿಟ್ಟರೆ ಬೇಗನೆ ಅಂಟಂಟಾಗಿ ಕಿತ್ತುಬರುತ್ತದೆ. ಇಂತಹ ಕುಟುಂಬಕ್ಕೆ ಬಾಡಿಗೆಯೇ ಮೇಲು. ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಗೋದಾಮು, ಕೆಲಸಗಾರರು, ಗ್ರಾಹಕರ ಪರಿಚಯ ಎಲ್ಲವೂ ಈಗಾಗಲೇ ಇವೆ. ದುಬಾರಿ ಗುಡಾರವನ್ನು ಕೊಂಡು ಬಾಡಿಗೆಗೆ ಬಿಡುವವನಿಗೆ ಆ 150 ರಾತ್ರಿಗಳು ಕೆಲವೇ ವರ್ಷಗಳಲ್ಲಿ ತುಂಬಬಲ್ಲವು.

ತೆರಿಗೆಯ ಲೆಕ್ಕ

ಎಚ್‌ಎಸ್‌ಎನ್ ಪ್ರಕಾರ ಗುಡಾರ 6306ರಲ್ಲಿ, ಕಂಬಳಿ 6301ರಲ್ಲಿ, ಮಲಗುವ ಚೀಲ 9404ರಲ್ಲಿ ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ 63ನೇ ಅಧ್ಯಾಯದ ಸಿದ್ಧ ಜವಳಿ ವಸ್ತುಗಳಿಗೆ ಒಂದಕ್ಕೆ 2,500 ರೂ.ವರೆಗಿನ ಮಾರಾಟ ಮೌಲ್ಯಕ್ಕೆ ಶೇ. 5, ಅದನ್ನು ಮೀರಿದರೆ ಶೇ. 18 ಜಿಎಸ್‌ಟಿ ಅನ್ವಯಿಸುತ್ತದೆ. 2,500 ರೂ. ಗುಡಾರ ತೆರಿಗೆ ಸೇರಿ 2,625 ರೂ. ಆದರೆ 2,600 ರೂ. ಗುಡಾರ 3,068 ರೂ. ಆಗುತ್ತದೆ. ನೂರು ರೂಪಾಯಿಯ ಅಂತರ ಗ್ರಾಹಕನ ಕೈಯಲ್ಲಿ 443 ರೂ. ಆಗುವುದನ್ನು ಬೆಲೆ ನಿಗದಿ ಮಾಡುವಾಗ ಮರೆಯಬಾರದು.

ಬೇರೆ ಬೇರೆ ದರದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆಯೆನಿಸಿ ಎಲ್ಲದಕ್ಕೂ ಅತ್ಯಧಿಕ ದರ ಬೀಳುವ ಸಂಭವವಿದೆ. ಬಿಲ್ಲಿನಲ್ಲಿ ಪ್ರತಿ ವಸ್ತುವನ್ನೂ ಅದರ ಬೆಲೆಯನ್ನೂ ಬೇರೆಯಾಗಿ ನಮೂದಿಸುವುದು ಕ್ಷೇಮ. ಬಾಡಿಗೆ ಸೇವೆಯಾಗಿ ಪರಿಗಣಿತವಾಗುತ್ತದೆ. ಮರಳಿಸಬೇಕಾದ ಠೇವಣಿಯು ಬಾಡಿಗೆಗೆ ಅಥವಾ ನಷ್ಟಕ್ಕೆ ಹೊಂದಾಣಿಕೆಯಾಗುವವರೆಗೆ ಪ್ರತಿಫಲವಾಗುವುದಿಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ರಸೀದಿ ಕೊಡಬೇಕು.

ಎಲ್ಲ ಪ್ರಯಾಣಕ್ಕೂ ಸಲ್ಲುವ ಗುಡಾರ ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ. ಹತ್ತು ಬಗೆಯ ಸರಕು ತುಂಬಿ ಬಂಡವಾಳವನ್ನು ಕಟ್ಟಿಹಾಕುವುದಕ್ಕಿಂತ ಬಯಲಿಗೊಂದು, ಮಳೆಗೊಂದು ಬಗೆಯನ್ನು ಮಾರಾಟಕ್ಕಿಟ್ಟು, ಚಳಿಯ ಸರಂಜಾಮನ್ನು ಬೇಡಿಕೆ ಬಂದಾಗ ತರಿಸಿ, ಜೊತೆಗೆ ನಮ್ಮ ನೆಲದ ಕಂಬಳಿಯನ್ನು ಮುಂಗಟ್ಟೆಯಲ್ಲಿರಿಸುವ ವರ್ತಕನಿಗೆ ನಷ್ಟದ ಭಯ ಕಡಿಮೆ. ಗುಡಾರದೊಳಗೆ ಸುಖವಾಗಿ ನಿದ್ರಿಸಿ ಬಂದ ಗ್ರಾಹಕನು ಮತ್ತೆ ಅದೇ ಅಂಗಡಿಗೆ ಬರುತ್ತಾನೆ.