ಲಕ್ಷದ ಟ್ಯಾಬ್ಲೆಟ್, ಮೂವತ್ತೈದು ಸಾವಿರದ ಟ್ಯಾಬ್ಲೆಟ್

ಆ್ಯಪಲ್‌ನ ಸಾದಾ ಐಪ್ಯಾಡ್ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 34,900 ರೂಪಾಯಿ. ಅದಕ್ಕೂ ಮುಂಚೆ, 2024ರ ಮೇ ತಿಂಗಳಲ್ಲಿ ಬಂದ 11 ಇಂಚಿನ ಐಪ್ಯಾಡ್ ಪ್ರೊ ಬೆಲೆ 99,900. ಪರದೆಯ ಅಳತೆ ಹೆಚ್ಚುಕಡಿಮೆ ಒಂದೇ, ಒಳಗೆ ಓಡುವ ತಂತ್ರಾಂಶವೂ ಒಂದೇ. ಹಾಗಿದ್ದರೆ ನಡುವಿನ 65 ಸಾವಿರ ಯಾವುದಕ್ಕೆ? ಅಂಗಡಿಯವರು, ನೆಂಟರು, ಯೂಟ್ಯೂಬಿನ ಪಂಡಿತರು ಕೊಡುವ ಉತ್ತರಗಳಲ್ಲಿ ಅರ್ಧದಷ್ಟು ನಿಲ್ಲುವಂಥವಲ್ಲ.

ತಪ್ಪು ಕಲ್ಪನೆ: ದುಬಾರಿಯದು ಕೊಂಡರೆ ಹೆಚ್ಚು ವರ್ಷ ಬಾಳುತ್ತದೆ.

ವಾಸ್ತವ: 2017ರಲ್ಲಿ ಬಂದ 10.5 ಇಂಚಿನ ಐಪ್ಯಾಡ್ ಪ್ರೊಗೆ ಅಮೆರಿಕದಲ್ಲಿ 649 ಡಾಲರ್ ಇತ್ತು. 2019ರ ಏಳನೇ ತಲೆಮಾರಿನ ಸಾದಾ ಐಪ್ಯಾಡ್‌ಗೆ 329 ಡಾಲರ್. ಪ್ರೊ ಒಳಗಿದ್ದದ್ದು ಎ10ಎಕ್ಸ್ ಚಿಪ್, ಸಾದಾದ್ದರಲ್ಲಿ ಅದಕ್ಕಿಂತ ದುರ್ಬಲವಾದ ಎ10. ಆದರೆ 2024ರಲ್ಲಿ ಐಪ್ಯಾಡ್‌ಓಎಸ್ 18 ಬಂದಾಗ ಪಟ್ಟಿಯಿಂದ ಹೊರಬಿದ್ದದ್ದು ಆ ಪ್ರೊ. ಅರ್ಧ ಬೆಲೆಯ, ನಿಧಾನ ಚಿಪ್ಪಿನ ಸಾದಾ ಐಪ್ಯಾಡ್ ಹೊಸ ತಂತ್ರಾಂಶ ಪಡೆಯಿತು. ಆಯಸ್ಸಿನ ಲೆಕ್ಕ ಬೆಲೆಗಿಂತ ಮಾದರಿ ಬಿಡುಗಡೆಯಾದ ವರ್ಷದ ಮೇಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಬ್ಬದ ರಿಯಾಯಿತಿಯಲ್ಲಿ ಮೂರು ವರ್ಷ ಹಳೆಯ 'ಪ್ರೀಮಿಯಂ' ಮಾದರಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನು ಗಮನಿಸಬೇಕು.

ಆಂಡ್ರಾಯ್ಡ್ ಕಡೆ ಸ್ವಲ್ಪ ಬೇರೆ ಕಥೆ. ಅಲ್ಲಿ ಕಂಪನಿ ಎಷ್ಟು ವರ್ಷದ ಅಪ್‌ಡೇಟ್‌ಗೆ ಮಾತು ಕೊಟ್ಟಿದೆ ಎಂಬುದೇ ಮುಖ್ಯ, ಆ ಮಾತು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಸ್ಯಾಮ್ಸಂಗ್ 2024ರ ಗ್ಯಾಲಕ್ಸಿ ಟ್ಯಾಬ್ ಎಸ್10 ಸರಣಿಗೆ ಏಳು ವರ್ಷ ಎಂದಿದೆ. ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಎಷ್ಟೋ ಎರಡು-ಮೂರು ವರ್ಷಕ್ಕೇ ನಿಲ್ಲುತ್ತವೆ. ಇನ್ನು ಬ್ಯಾಟರಿ. ಲಿಥಿಯಂ ಬ್ಯಾಟರಿಗೆ ತನ್ನನ್ನು ಎಷ್ಟು ಕೊಟ್ಟು ಕೊಂಡರು ಎಂಬುದು ಗೊತ್ತಿಲ್ಲ, ಚಾರ್ಜ್ ಆದಷ್ಟೂ ಸವೆಯುತ್ತದೆ.

ತಪ್ಪು ಕಲ್ಪನೆ: ದುಬಾರಿ ಟ್ಯಾಬ್ಲೆಟ್‌ನಲ್ಲಿ ಎಲ್ಲವೂ ಮೇಲು.

ವಾಸ್ತವ: 2023ರಲ್ಲಿ ಸುಮಾರು 27 ಸಾವಿರಕ್ಕೆ ಬಂದ ಶವೋಮಿ ಪ್ಯಾಡ್ 6ರ ಪರದೆ ಸೆಕೆಂಡಿಗೆ 144 ಸಲ ಹೊಸದಾಗುತ್ತದೆ. 2025ರ ಐಪ್ಯಾಡ್ ಏರ್‌ಗೆ 59,900 ಕೊಟ್ಟರೂ ಸಿಗುವುದು 60 ಸಲ. ಸ್ಯಾಮ್ಸಂಗ್‌ನ ಟ್ಯಾಬ್ ಎಸ್9 ಎಫ್ಇ ಸುಮಾರು 37 ಸಾವಿರಕ್ಕೆ ಬಂದಿತ್ತು, ನೀರು-ಧೂಳಿಗೆ ಐಪಿ68 ದರ್ಜೆಯ ರಕ್ಷಣೆ, ಪೆನ್ನೂ ಡಬ್ಬಿಯಲ್ಲೇ. ಲಕ್ಷದ ಐಪ್ಯಾಡ್ ಪ್ರೊಗೆ ಅಂಥ ಯಾವ ದರ್ಜೆಯೂ ಇಲ್ಲ, ಪೆನ್ನಿಗೆ ಬೇರೆ ದುಡ್ಡು. ವೈಫೈ ಮಾತ್ರ ಇರುವ ಐಪ್ಯಾಡ್ ಕೊಂಡರೆ, ಅದು ಪ್ರೊ ಆದರೂ, ಜಿಪಿಎಸ್ ಕೂಡ ಇರುವುದಿಲ್ಲ.

ತಪ್ಪು ಕಲ್ಪನೆ: ಪೆನ್ನು ಕೆಲಸ ಮಾಡಿದರೆ ಸಾಕು, ಬರೆಯುವುದು ಎಲ್ಲದರಲ್ಲೂ ಒಂದೇ.

ವಾಸ್ತವ: ಬೆಲೆಯ ವ್ಯತ್ಯಾಸ ನಿಜಕ್ಕೂ ಕೈಗೆ ತಿಳಿಯುವುದು ಇಲ್ಲೇ, ಆದರೆ ಅಂಗಡಿಯಲ್ಲಿ ಯಾರೂ ತೋರಿಸುವುದಿಲ್ಲ. ಸಾದಾ ಐಪ್ಯಾಡ್‌ನಲ್ಲಿ ಮೇಲಿನ ಗಾಜಿಗೂ ಕೆಳಗಿನ ಪರದೆಗೂ ನಡುವೆ ಸಣ್ಣ ಗಾಳಿಯ ಸಂದು ಇದೆ. ಏರ್ ಮತ್ತು ಪ್ರೊಗಳಲ್ಲಿ ಎರಡನ್ನೂ ಅಂಟಿಸಿ ಒಂದು ಮಾಡಿರುತ್ತಾರೆ, ಅದಕ್ಕೆ ಲ್ಯಾಮಿನೇಟೆಡ್ ಎನ್ನುತ್ತಾರೆ. ಪೆನ್ನು ಓರೆಯಾಗಿ ಹಿಡಿದು ನಿಧಾನವಾಗಿ ಒಂದು ಗೆರೆ ಎಳೆಯಿರಿ, ಪಕ್ಕದಿಂದ ನೋಡಿ. ಸಾದಾದ್ದರಲ್ಲಿ ಪೆನ್ನಿನ ತುದಿ ಒಂದು ಕಡೆ, ಶಾಯಿ ಕೂದಲೆಳೆಯಷ್ಟು ಆಚೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದೂ ಬರುತ್ತದೆ.

ಜತೆಗೆ ಒತ್ತಡದ ಸಂಗತಿ. 7,900 ರೂಪಾಯಿಯ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಕೈ ಎಷ್ಟು ಒತ್ತಿತೆಂಬುದು ತಿಳಿಯದು. ಗೆರೆ ದಪ್ಪ-ತೆಳು ಆಗುವುದಿಲ್ಲ. ವಿಚಿತ್ರವೆಂದರೆ 2015ರ ಮೊದಲ ತಲೆಮಾರಿನ ಪೆನ್ಸಿಲ್‌ಗೆ ಅದು ತಿಳಿಯುತ್ತದೆ, ಅಡಾಪ್ಟರ್ ಇಟ್ಟುಕೊಂಡರೆ ಸಾದಾ ಐಪ್ಯಾಡ್‌ಗೆ ಒಗ್ಗುತ್ತದೆ ಕೂಡ. 11,900ರ ಪೆನ್ಸಿಲ್ ಪ್ರೊ ಮಾತ್ರ ಸಾದಾದ್ದಕ್ಕೆ ಒಗ್ಗುವುದೇ ಇಲ್ಲ. ಪಾಠದ ಟಿಪ್ಪಣಿ, ಲೆಕ್ಕ, ಪಿಡಿಎಫ್ ಮೇಲೆ ಗುರುತು ಹಾಕುವವರಿಗೆ ಇದ್ಯಾವುದೂ ಅಡ್ಡಿಯಲ್ಲ, ಎರಡು ದಿನಕ್ಕೆ ಕೈ ಒಗ್ಗುತ್ತದೆ. ದಿನವಿಡೀ ಚಿತ್ರ ಬರೆದು ಹೊಟ್ಟೆ ಹೊರೆಯುವವರು ಇಲ್ಲಿ ಜಿಪುಣತನ ಮಾಡಬಾರದು.

ತಪ್ಪು ಕಲ್ಪನೆ: ಪ್ರೊ ಕೊಂಡರೆ ಲ್ಯಾಪ್‌ಟಾಪ್ ಬೇಡ.

ವಾಸ್ತವ: ಐಪ್ಯಾಡ್ ಪ್ರೊ 99,900, ಅದರ ಕೀಲಿಮಣೆ 29,900, ಪೆನ್ಸಿಲ್ ಪ್ರೊ 11,900. ಒಟ್ಟು 1,41,700. ಅದೇ ಕಂಪನಿಯ ಎಂ4 ಮ್ಯಾಕ್‌ಬುಕ್ ಏರ್, ಪೂರ್ತಿ ಲ್ಯಾಪ್‌ಟಾಪ್, 2025ರಲ್ಲಿ 99,900ಕ್ಕೆ ಬಂದಿತು.

ದುಡ್ಡಿನ ಮಾತು ಬಿಡಿ, ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕಡತಗಳು ಈಗಲೂ ರಾಶಿ ರಾಶಿ ಇವೆ. ಅವು ಯೂನಿಕೋಡ್ ಅಲ್ಲ. ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಏರ್ಪಾಡು. ಆ ಫಾಂಟ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಇಂಥ ವರ್ಡ್ ಕಡತ ತೆರೆದರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಇಪ್ಪತ್ತು ಸಾವಿರದ್ದಾದರೂ ಅಷ್ಟೇ, ಲಕ್ಷದ್ದಾದರೂ ಅಷ್ಟೇ. ಯುಪಿಐ ಕೂಡ ಹೀಗೆಯೇ: ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದ ಎಸ್‌ಎಂಎಸ್ ಹೋದರೆ ತಾನೇ ನೋಂದಣಿ? ಸಿಮ್ ಇರುವ ಐಪ್ಯಾಡ್‌ನಲ್ಲೂ ಮಾಮೂಲಿ ಎಸ್‌ಎಂಎಸ್ ಇಲ್ಲ, ಕರೆಯೂ ಇಲ್ಲ.

ತಪ್ಪು ಕಲ್ಪನೆ: ಪ್ರೊ ಎಂದರೆ ಎಲ್ಲ ಪ್ರೊಗಳೂ ಒಂದೇ.

ವಾಸ್ತವ: ಎಂ4 ಚಿಪ್ಪಿನ ಐಪ್ಯಾಡ್ ಪ್ರೊದ 256 ಮತ್ತು 512 ಜಿಬಿ ಮಾದರಿಗಳಲ್ಲಿ 8 ಜಿಬಿ ರ‍್ಯಾಮ್, ಚಿಪ್ಪಿನಲ್ಲಿ 9 ಕೋರ್. 16 ಜಿಬಿ ರ‍್ಯಾಮ್, 10 ಕೋರ್ ಬೇಕಿದ್ದರೆ 1 ಟಿಬಿ ಅಥವಾ ಅದರ ಮೇಲಿನದನ್ನೇ ಕೊಳ್ಳಬೇಕು.

ತಪ್ಪು ಕಲ್ಪನೆ: ಹಾಗಾದರೆ ಸಿಕ್ಕ ಅಗ್ಗದ್ದು ಸಾಕು.

ವಾಸ್ತವ: ಮಧ್ಯಮ ದರ್ಜೆ ಬೇರೆ, ಕಳಪೆ ಬೇರೆ. ಹತ್ತು-ಹನ್ನೆರಡು ಸಾವಿರದ ಟ್ಯಾಬ್ಲೆಟ್ ಮಗುವಿನ ಆನ್‌ಲೈನ್ ಪಾಠಕ್ಕೆಂದು ಬಂದು ಆರು ತಿಂಗಳಲ್ಲಿ ಮೂಲೆ ಸೇರುವುದು ಬೇಕಾದಷ್ಟು ಮನೆಗಳ ಕಥೆ. 4 ಜಿಬಿ ರ‍್ಯಾಮ್ ಎಂದರೆ ಎರಡು ಆ್ಯಪ್ ತೆರೆದರೆ ಏದುಸಿರು. ಇನ್ನೊಂದು ಮುಚ್ಚಿದ ಗುಟ್ಟು ವೈಡ್‌ವೈನ್ ಎಂಬ ವಿಡಿಯೊ ನಕಲು-ತಡೆ ಏರ್ಪಾಡು. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಅದರ ಎಲ್1 ಮಾನ್ಯತೆ ಇಲ್ಲದಿದ್ದರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುವುದಿಲ್ಲ, ಪರದೆ ಎಷ್ಟೇ ಚೆನ್ನಾಗಿರಲಿ.

ಪ್ರೊ ಯಾರಿಗೂ ಬೇಡ ಎಂದಲ್ಲ. ಅದರ ಒಎಲ್ಇಡಿ ಪರದೆಯ ಬೆಳಕು 1,000 ನಿಟ್ಸ್, ಸಾದಾದ್ದರದು 500. ಕಿಟಕಿ ಪಕ್ಕ ಕೂತು ಫೋಟೊ ತಿದ್ದುವವರಿಗೆ ಅದು ಹಗಲು-ರಾತ್ರಿಯ ಅಂತರ. ದೊಡ್ಡ ವಿಡಿಯೊ ಕಡತ ಸಾಗಿಸುವವರಿಗೆ ಪ್ರೊದ ಪೋರ್ಟ್ ಸೆಕೆಂಡಿಗೆ 40 ಗಿಗಾಬಿಟ್‌ವರೆಗೆ ಹೋಗುತ್ತದೆ, ಸಾದಾದ್ದರದು 480 ಮೆಗಾಬಿಟ್‌ಗೇ ನಿಲ್ಲುತ್ತದೆ. ಟ್ಯಾಬ್ಲೆಟ್ ನಿಮಗೆ ದುಡಿದು ಕೊಡುವುದಾದರೆ ಪ್ರೊ ಕೊಳ್ಳಿ. ಓದು, ಟಿಪ್ಪಣಿ, ಸಿನಿಮಾ, ವಿಡಿಯೊ ಕರೆ ಇಷ್ಟಕ್ಕಾದರೆ ನಲವತ್ತು ಸಾವಿರದ ಮೇಲೆ ಹೋಗಬೇಡಿ. ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮುನ್ನ ಅದು ಬಿಡುಗಡೆಯಾದ ವರ್ಷ ಕೇಳಿ, ಪೆನ್ನು ಈಸಿಕೊಂಡು ಓರೆಯಾಗಿ ಒಂದು ಗೆರೆ ಎಳೆದು ನೋಡಿ.